ಓದುಗರ ಪ್ರಶ್ನೆ: ರಕ್ತ ಪರೀಕ್ಷೆಗೆ ಬೆಳಗುವ ಕಣಗಳು

ಬೆಳಕು ಸೂಸುವ ನ್ಯಾನೊಕಣಗಳನ್ನು (ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳನ್ನು) ತಯಾರಿಸಿ, ಅವುಗಳಿಂದ ರೋಗ ಪತ್ತೆ ಮಾಡುವುದು ಹೇಗೆ ಅಂತ ಹುಡುಕುವುದು ನನ್ನ ಕೆಲಸ. ಅದರ ಬಗ್ಗೆ ಇಲ್ಲಿ ಬರೆದ ಮೇಲೆ ಓದುಗರಿಂದ ಒಳ್ಳೊಳ್ಳೆಯ ಪ್ರಶ್ನೆಗಳು ಬಂದಿವೆ. ಕೆಲವಕ್ಕೆ ಈ ಸಲ ಉತ್ತರಿಸುತ್ತೇನೆ.

ಪ್ರಶ್ನೆ: ರಕ್ತದಲ್ಲಿ ಕಾಯಿಲೆ ಇದೆ ಅಂತ ಒಂದು ಕಣಕ್ಕೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಕಣಕ್ಕೆ ಏನೂ ಗೊತ್ತಾಗುವುದಿಲ್ಲ. ಗುರುತು ಹಿಡಿಯುವುದು ಅದರ ಮೈಗೆ ನಾವು ಕೂರಿಸುವ ಆಂಟಿಬಾಡಿ, ಅಂದರೆ ನಿರ್ದಿಷ್ಟ ಅಣುವೊಂದನ್ನೇ ಹಿಡಿಯುವ ಪ್ರೋಟೀನ್. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಟ್ರೊಪೋನಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಟ್ರೊಪೋನಿನ್ ಹಿಡಿಯುವ ಒಂದು ಆಂಟಿಬಾಡಿ ಕಣದ ಮೇಲಿರುತ್ತದೆ. ಇನ್ನೊಂದನ್ನು ಪರೀಕ್ಷಾ ಪಟ್ಟಿಯ ಮೇಲೆ ಗೆರೆಯಾಗಿ ಹಚ್ಚಿರುತ್ತೇವೆ. ರಕ್ತದ ಮಾದರಿ ಪಟ್ಟಿಯಲ್ಲಿ ಹರಿದು ಬಂದಾಗ ಟ್ರೊಪೋನಿನ್ ಇವೆರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಕಣ ಆ ಗೆರೆಯಲ್ಲೇ ನಿಲ್ಲುತ್ತದೆ. ಟ್ರೊಪೋನಿನ್ ಹೆಚ್ಚಿದ್ದಷ್ಟೂ ಗೆರೆ ಹೆಚ್ಚು ಬೆಳಗುತ್ತದೆ. ಮನೆಯಲ್ಲೇ ಮಾಡುವ ಗರ್ಭ ಪರೀಕ್ಷೆ, ಕೋವಿಡ್ ಪರೀಕ್ಷೆಗಳ ಪಟ್ಟಿಯೂ ಇದೇ ರೀತಿ ಕೆಲಸ ಮಾಡುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿ ಚಿನ್ನದ ನ್ಯಾನೊಕಣ ಇರುತ್ತದೆ. ಅದು ಬೆಳಗುವುದಿಲ್ಲ, ಕೆಂಪಗೆ ಕಾಣುತ್ತದೆ ಅಷ್ಟೇ.

ಪ್ರಶ್ನೆ: ಹಾಗಾದರೆ ಚಿನ್ನದ ಕಣವೇ ಸಾಕಲ್ವಾ? ಬೆಳಗುವ ಕಣ ಯಾಕೆ? ಅದೂ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹಾಯಿಸಿ?

ಉತ್ತರ: ಹುಡುಕುವ ಪ್ರೋಟೀನ್ ಜಾಸ್ತಿ ಇದ್ದರೆ ಚಿನ್ನವೇ ಸಾಕು. ತೀರಾ ಕಡಿಮೆ ಇದ್ದಾಗ ಕಣ್ಣಿಗೆ ಕಾಣುವಷ್ಟು ಚಿನ್ನ ಗೆರೆಯಲ್ಲಿ ಸೇರುವುದಿಲ್ಲ. ಬೆಳಕಾದರೆ ತುಂಬಾ ಕಡಿಮೆ ಇದ್ದರೂ ಉಪಕರಣದಿಂದ ಅಳೆಯಬಹುದು.

ಆದರೆ ಅದಕ್ಕೆ ಸುತ್ತ ಕತ್ತಲೆ ಇರಬೇಕು. ನೀಲಿ ಅಥವಾ ಅತಿನೇರಳೆ ಬೆಳಕು ಬಿದ್ದರೆ ರಕ್ತದ ಎಷ್ಟೋ ಅಣುಗಳು ತಾವೇ ಬೆಳಗಲು ಶುರುಮಾಡುತ್ತವೆ. ಪಟ್ಟಿಯೂ ಬೆಳಗುತ್ತದೆ. ಹಗಲಲ್ಲಿ ಹಚ್ಚಿದ ಹಣತೆಯ ಹಾಗೆ ನಮ್ಮ ಕಣ ಅದರ ನಡುವೆ ಕಳೆದುಹೋಗುತ್ತದೆ.

ಇದಕ್ಕೆ ಒಂದು ಉಪಾಯ, ಸ್ವಲ್ಪ ಕಾಯುವುದು. ದೀಪ ಆರಿಸಿದ ಮೇಲೆ ರಕ್ತದ ಅಣುಗಳ ಬೆಳಕು ನ್ಯಾನೊಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಯುರೋಪಿಯಂ ಎಂಬ ಲೋಹ ಇರುವ ಕಣದ ಬೆಳಕು ನೂರಾರು ಮೈಕ್ರೊಸೆಕೆಂಡು ಉಳಿಯುತ್ತದೆ. ಆ ಸಣ್ಣ ಬಿಡುವಿನ ನಂತರ ಅಳೆದರೆ ಸಿಗುವುದು ಹೆಚ್ಚುಕಡಿಮೆ ಕಣದ ಬೆಳಕು ಮಾತ್ರ.

ಇನ್ನೊಂದು ಉಪಾಯವೇ ನನ್ನ ಕೆಲಸ. ಸೋಡಿಯಂ ಇಟ್ರಿಯಂ ಫ್ಲೋರೈಡ್ ಹರಳಿನಲ್ಲಿ ಸ್ವಲ್ಪ ಇಟರ್ಬಿಯಂ, ಅದಕ್ಕಿಂತ ಕಡಿಮೆ ಎರ್ಬಿಯಂ ಎಂಬ ಲೋಹಗಳನ್ನು ಸೇರಿಸುತ್ತೇವೆ. 980 ನ್ಯಾನೊಮೀಟರಿನ ಅವಕೆಂಪು ಲೇಸರ್ ಹಾಯಿಸಿದಾಗ ಇಟರ್ಬಿಯಂ ಆ ಶಕ್ತಿಯನ್ನು ಹೀರಿ ಎರ್ಬಿಯಂಗೆ ದಾಟಿಸುತ್ತದೆ. ಎರಡು ಕಂತು ಸೇರಿದರೆ ಎರ್ಬಿಯಂ 540 ನ್ಯಾನೊಮೀಟರ್ ಆಸುಪಾಸಿನ ಹಸಿರು ಬೆಳಕು ಬಿಡುತ್ತದೆ. ರಕ್ತದ ಅಣುಗಳಿಂದ ಈ ಕೆಲಸ ಆಗುವುದಿಲ್ಲ. ಹಾಗಾಗಿ ಸುತ್ತ ನಿಜಕ್ಕೂ ಕತ್ತಲೆ. ರಕ್ಷಣೆಯ ಕನ್ನಡಕ ಹಾಕಿಕೊಂಡು ಲೇಸರ್ ಆನ್ ಮಾಡಿದರೆ ಕಣಗಳಿರುವ ಸೀಸೆಯ ನಡುವೆ ಹಸಿರು ಗೆರೆಯೊಂದು ಮೂಡುತ್ತದೆ. ಅದನ್ನು ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಿಲ್ಲ.

ಕೊರತೆಗಳೂ ಇವೆ. ಹಾಯಿಸಿದ ಬೆಳಕಿನಲ್ಲಿ ಹಸಿರಾಗಿ ವಾಪಸ್ ಬರುವುದು ಬಹಳ ಕಡಿಮೆ. ಕಣ ಚಿಕ್ಕದಾದರೆ ಇನ್ನೂ ಕಡಿಮೆ, ನೀರಿನಲ್ಲಿದ್ದರಂತೂ ಮತ್ತೂ ಕಡಿಮೆ. ಅದಕ್ಕೇ ಕಣದ ಮೇಲೆ ಎರ್ಬಿಯಂ ಇಲ್ಲದ ಖಾಲಿ ಹರಳಿನ ಹೊದಿಕೆ ಬೆಳೆಸುತ್ತೇವೆ.

ಪ್ರಶ್ನೆ: 'ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ' ಅಂತ ಎಷ್ಟೋ ವರ್ಷಗಳಿಂದ ಓದುತ್ತಿದ್ದೇನೆ. ಆಸ್ಪತ್ರೆಯಲ್ಲಿ ಕೇಳಿದರೆ ಅಂಥದ್ದು ಇಲ್ಲ ಅನ್ನುತ್ತಾರೆ. ವಿಜ್ಞಾನಿಗಳು ಸುಳ್ಳು ಹೇಳುತ್ತಿದ್ದಾರಾ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಮನೆಯಲ್ಲಿ ಕಾಯಿಲೆಯವರಿದ್ದಾಗ ಇಂಥ ಸುದ್ದಿ ಓದುವುದು ಎಷ್ಟು ನೋವಿನ ಸಂಗತಿ ಅಂತ ನನಗೆ ಗೊತ್ತು. ಬಹಳಷ್ಟು ಸಲ ಅದು ಸುಳ್ಳಲ್ಲ, ಅರ್ಧಕ್ಕೆ ನಿಲ್ಲಿಸಿದ ಮಾತು.

ಹೆಚ್ಚಿನ ಸಂಶೋಧನೆ ಶುರುವಾಗುವುದು ಬಫರ್ ದ್ರಾವಣದಲ್ಲಿ. ಅಂದರೆ ಉಪ್ಪು ಬೆರೆತ ಶುದ್ಧ ನೀರು, ಅದರಲ್ಲಿ ನಾವೇ ಹಾಕಿದ ಒಂದೇ ಪ್ರೋಟೀನ್. ಅಲ್ಲಿ ಕಣ ಸೊಗಸಾಗಿ ಕೆಲಸ ಮಾಡುತ್ತದೆ. ರಕ್ತದ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹಾಗಲ್ಲ. ಅದರ ಒಂದು ಲೀಟರಿನಲ್ಲಿ 60ರಿಂದ 80 ಗ್ರಾಂ ಪ್ರೋಟೀನ್ ಇರುತ್ತದೆ. ನಾವು ಹುಡುಕುವ ಟ್ರೊಪೋನಿನ್ ಒಂದು ಲೀಟರಿನಲ್ಲಿ ಕೆಲವು ಹತ್ತು ನ್ಯಾನೊಗ್ರಾಂ ಇದ್ದರೂ ವೈದ್ಯರಿಗೆ ಅದು ಮುಖ್ಯ. ಒಂದು ನ್ಯಾನೊಗ್ರಾಂ ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ಉಳಿದ ಪ್ರೋಟೀನುಗಳು ಸುಮ್ನೆ ಇರುವುದಿಲ್ಲ, ಕಣವನ್ನು ಮುತ್ತಿಕೊಳ್ಳುತ್ತವೆ. ಕಷ್ಟಪಟ್ಟು ಕೂರಿಸಿದ ಆಂಟಿಬಾಡಿ ಅವುಗಳ ಕೆಳಗೆ ಮುಚ್ಚಿಹೋಗಬಹುದು. ಕೆಲವು ಕಣಗಳು ಟ್ರೊಪೋನಿನ್ ಇಲ್ಲದೆಯೇ ಗೆರೆಗೆ ಅಂಟಿ ಬೆಳಗುತ್ತವೆ. ಅದು ಇನ್ನೂ ಅಪಾಯ.

ತಯಾರಿಕೆಯೂ ಸುಲಭವಲ್ಲ. ಗಾಳಿ ಸೇರದಂತೆ, ಎಣ್ಣೆಯಂಥ ಒಲೆಯಿಕ್ ಆಮ್ಲದ ಜೊತೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಣ ಬೆಳೆಸುತ್ತೇವೆ. ಹೊರಗೆ ಬಂದಾಗ ಅವು ನೀರಿನಲ್ಲಿ ಬೆರೆಯುವುದೇ ಇಲ್ಲ. ಮೇಲ್ಮೈ ಬದಲಿಸಿ ನೀರಿಗೆ ಒಗ್ಗಿಸಬೇಕು. ಒಂದು ಬ್ಯಾಚಿನ ಹಾಗೆ ಇನ್ನೊಂದು ಬರಬೇಕು. ಇದರಲ್ಲೇ ವರ್ಷಗಳು ಹೋಗುತ್ತವೆ.

ಇದೆಲ್ಲ ಸರಿಹೋದರೂ ಒಂದು ಪ್ರಶ್ನೆ ಉಳಿಯುತ್ತದೆ. ಪಿಎಸ್‌ಎ ಎಂಬ ಪ್ರೋಟೀನ್ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಏರುತ್ತದೆ. ಕ್ಯಾನ್ಸರ್ ಇಲ್ಲದೆ ಸುಮ್ಮನೆ ಗ್ರಂಥಿ ದೊಡ್ಡದಾದಾಗಲೂ ಏರುತ್ತದೆ. ಆ ಗೊಂದಲ ಪ್ರೋಟೀನಿನದ್ದು. ಕಣ ಎಷ್ಟೇ ಚೆನ್ನಾಗಿ ಬೆಳಗಿದರೂ ಅದು ಹೋಗುವುದಿಲ್ಲ. ಅದಕ್ಕೆ ಬೇರೆ ಬೇರೆ ಕಾಯಿಲೆ ಇರುವವರ, ಆರೋಗ್ಯವಂತರ ರಕ್ತ ತೆಗೆದು, ದೊಡ್ಡ ಸಂಖ್ಯೆಯಲ್ಲಿ ಹೋಲಿಸಿ ನೋಡಬೇಕು.

ವಿಜ್ಞಾನ ಸುದ್ದಿ ಬರೆಯುವವರಲ್ಲಿ ನನ್ನ ಕೋರಿಕೆ ಒಂದೇ. ಸಂಶೋಧಕರನ್ನು ಕೇಳಿ: ಅಳೆದದ್ದು ಯಾವುದರಲ್ಲಿ? ಬಫರ್‌ನಲ್ಲಾ, ಹುಡುಕುವ ಪ್ರೋಟೀನನ್ನು ತಾವೇ ಬೆರೆಸಿದ ಸೀರಮ್‌ನಲ್ಲಾ, ರೋಗಿಯ ರಕ್ತದಲ್ಲಾ? ಆ ಉತ್ತರ ಸುದ್ದಿಯ ಮೊದಲ ಪ್ಯಾರಾದಲ್ಲೇ ಬರಲಿ. ಸಂಶೋಧಕರೂ ಯಾರೂ ಕೇಳುವ ಮೊದಲೇ ಅದನ್ನು ಹೇಳಬೇಕು.

ಪ್ರಶ್ನೆ: ಕ್ವಾಂಟಮ್ ಡಾಟ್‌ಗಳಿಗೆ ನೊಬೆಲ್ ಬಂತು. ಆದರೆ ಕ್ಯಾಡ್ಮಿಯಂ ವಿಷ ಅಲ್ವಾ?

ಉತ್ತರ: ಹೌದು, ವಿಷ. ಕ್ವಾಂಟಮ್ ಡಾಟ್ ಅಂದರೆ ಗಾತ್ರಕ್ಕೆ ತಕ್ಕ ಬಣ್ಣದಲ್ಲಿ ಬೆಳಗುವ ನ್ಯಾನೊಕಣ. 2023ರ ರಸಾಯನಶಾಸ್ತ್ರ ನೊಬೆಲ್ ಪಡೆದವರು ಮೌಂಗಿ ಬವೆಂಡಿ, ಲೂಯಿ ಬ್ರುಸ್, ಅಲೆಕ್ಸಿ ಎಕಿಮೊವ್. ಉದಾಹರಣೆಗೆ ಕ್ಯಾಡ್ಮಿಯಂ ಸೆಲಿನೈಡ್ ಕಣ ಚಿಕ್ಕದಿದ್ದರೆ ನೀಲಿ, ದೊಡ್ಡದಿದ್ದರೆ ಕೆಂಪು ಬೆಳಕು ಕೊಡುತ್ತದೆ. ಪಟ್ಟಿಯ ಮೇಲಿನ ಪರೀಕ್ಷೆಯಲ್ಲಿ ಕಣ ದೇಹದೊಳಗೆ ಹೋಗುವುದಿಲ್ಲ. ಬಳಸಿದ ಪಟ್ಟಿ ಎಲ್ಲಿಗೆ ಹೋಗುತ್ತದೆ ಎಂಬುದೇ ಅಲ್ಲಿ ಚಿಂತೆ. ದೇಹದೊಳಗೆ ಹಾಕುವ ಮಾತು ಬಂದರೆ ನಾನು ಕ್ಯಾಡ್ಮಿಯಂ ಒಪ್ಪುವುದಿಲ್ಲ. ಅದರ ಬದಲಿಗೆ ಇಂಡಿಯಂ ಫಾಸ್ಫೈಡ್, ಇಂಗಾಲದ ಕಣಗಳ ಮೇಲೆ ಕೆಲಸ ನಡೆಯುತ್ತಿದೆ.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ಜನರಿಗಾಗಿ ಬರೆಯುವ ಆಸೆ ಇದೆ. ಅದು ಲೆಕ್ಕಕ್ಕೆ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿಂದ ಶುರುಮಾಡಲಿ?

ಉತ್ತರ: ಹೆಚ್ಚಿನ ಕಡೆ ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೂ ಬರೆಯಿರಿ. ನಮ್ಮ ಪ್ರಬಂಧಗಳಲ್ಲಿ 'ಎಷ್ಟು ಕಡಿಮೆ ಇದ್ದರೂ ಪತ್ತೆ ಮಾಡಬಲ್ಲೆವು' ಎಂಬ ಅಂಕಿಗೇ ಪೈಪೋಟಿ. ಓದುಗರು ಮಾತ್ರ 'ಗೆರೆ ಬಂದರೆ ನನಗೆ ಕಾಯಿಲೆ ಇದೆ ಅಂತಲೇ ಅರ್ಥವಾ?' ಅಂತ ಕೇಳುತ್ತಾರೆ. ಆ ಪ್ರಶ್ನೆ ಬಂದ ಮೇಲೆ ನಾನು ಹುಡುಕುವ ಪ್ರೋಟೀನ್ ಇಲ್ಲದ ಸೀರಮ್ ಮಾದರಿಗಳನ್ನೇ ಮೊದಲು ಪರೀಕ್ಷಿಸುತ್ತೇನೆ.

ನಿಮ್ಮದೇ ಪ್ರಬಂಧದ ಒಂದು ಗ್ರಾಫ್ ತೆಗೆದುಕೊಳ್ಳಿ. ಅದನ್ನು ವಿಜ್ಞಾನ ಓದದವರೊಬ್ಬರಿಗೆ ಬಾಯಲ್ಲೇ ವಿವರಿಸಿ. ಅವರು ಎಲ್ಲಿ ತಡೆದು ಕೇಳುತ್ತಾರೋ ಅಲ್ಲಿಂದ ಲೇಖನ ಶುರುವಾಗಲಿ. ಹೊಳೆಯುವ ಸೀಸೆಯ ಫೋಟೊ ಹಾಕುವುದಾದರೆ, ಪರೀಕ್ಷೆಯಲ್ಲಿ ಇರುವುದಕ್ಕಿಂತ ಎಷ್ಟೋ ಜಾಸ್ತಿ ಕಣಗಳು ಅದರಲ್ಲಿವೆ ಅಂತ ಕೆಳಗೆ ಒಂದು ಸಾಲು ತಪ್ಪದೆ ಬರೆಯಿರಿ.