ಶಹಾಪುರದ ಹಳೆ ಮನೆ: ಹಿತ್ತಲ ಕಡೆಯ ಗೋಡೆ ಉದುರುವುದೇಕೆ?

ಬೆಳಗಾವಿ ಶಹಾಪುರದ ಹಳೆ ಮನೆ, ಸುತ್ತ ಗೋಡೆಯಿರುವ ಹಿತ್ತಲ, ಮನೆಯ ಹಿತ್ತಲ ಕಡೆಯ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ ಎರಡೇ ವರ್ಷಕ್ಕೆ ಕೆಳಗಿನ ಮೂರಡಿ ಉಬ್ಬಿ ಉದುರುತ್ತಿದೆ ಅಂದಿದ್ದೀರಿ. ತಪ್ಪು ಗೋಡೆಯದ್ದಲ್ಲ, ಸಿಮೆಂಟಿನದು. ಕಲ್ಲು-ಮಣ್ಣಿನ ಗೋಡೆ ನೆಲದ ತೇವ ಹೀರಿ ಗಾಳಿಗೆ ಬಿಡುತ್ತಿರುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿದರೆ ತೇವದ ಜೊತೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಗಿಲಾವನ್ನು ಹೊರಗೆ ತಳ್ಳುತ್ತದೆ. ವಾಟರ್‌ಪ್ರೂಫ್ ಪೇಂಟ್ ಬಳಿದರೆ ತೇವ ಇನ್ನೂ ಮೇಲೇರುತ್ತದೆ, ಅಷ್ಟೇ.

ಮೊದಲು ಹಿತ್ತಲ ನೋಡಿ. ವರ್ಷವರ್ಷ ಗೊಬ್ಬರ, ಮಣ್ಣು ಹಾಕಿ ಪಾತಿ ಎತ್ತರವಾಗಿ ಗೋಡೆಗೆ ಒರಗಿರುತ್ತದೆ. ಒಳಗಿನ ಫರಸಿಗಿಂತ ಕನಿಷ್ಠ ಆರು ಇಂಚು ಕೆಳಗೆ ಬರುವಂತೆ ಮಣ್ಣು ತೆಗೆಸಿ, ನೀರು ಗೋಡೆಯಿಂದ ಆಚೆ ಹರಿಯುವಂತೆ ಇಳಿಜಾರು ಕೊಡಿ. ಬಾಳೆ, ಮಲ್ಲಿಗೆ ಗೋಡೆಯಿಂದ ಮೂರಡಿ ದೂರ ಇರಲಿ. ಹಿತ್ತಲ ಸುತ್ತಲಿನ ಗೋಡೆಗೆ ಆಚೆಯ ಮಣ್ಣಿನ ಒತ್ತಡವಿದ್ದರೆ ಬುಡದಲ್ಲಿ ನೀರುಕಂಡಿ (ನೀರು ಹೊರಹೋಗುವ ಸಣ್ಣ ತೂತು) ಬೇಕು. ಬಿರುಕಿನಲ್ಲಿ ಅರಳಿ ಸಸಿ ಎದ್ದಿದ್ದರೆ ಬೇರು ಸಮೇತ ತೆಗೆಯಿರಿ. ಮೇಲಷ್ಟೇ ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ಆಮೇಲೆ ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೆ ಸಿಮೆಂಟ್ ಕೆತ್ತಿಸಿ, ಬೇಸಿಗೆಯಿಡೀ ಹಾಗೇ ಒಣಗಲು ಬಿಡಿ. ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದಲೇ ತೆಗೆಯಬೇಕು. ತೊಳೆದರೆ ಮತ್ತೆ ಒಳಗೆ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಗಾರೆ ಕೆಲಸ: ಒಂದು ಪಾಲು ನೆನೆಸಿದ ಸುಣ್ಣ, ಮೂರು ಪಾಲು ತೊಳೆದ ಮರಳು, ಒಂದೊಂದು ಪದರ ಅರ್ಧ ಇಂಚು ಮೀರದಂತೆ. ಒಂದು ವಾರ ಒದ್ದೆ ಗೋಣಿ ಹೊದಿಸಿ. ಕೊನೆಗೆ ಸುಣ್ಣವನ್ನೇ ಬಳಿಯಿರಿ. ಗಟ್ಟಿಯಾಗಲಿ ಎಂದು ಗೌಂಡಿ ಒಂದು ಬುಟ್ಟಿ ಸಿಮೆಂಟ್ ಬೆರೆಸಲು ಬಂದರೆ ಒಪ್ಪಬೇಡಿ.