ಡಿಗ್ರಿ ಜಗಳ ಆಮೇಲೆ, ಮೊದಲು ಆ ಪೆಟ್ಟಿನ ವಿಷಯ

“ಕಾರಲ್ಲಿ ಮನೆಗೆ ಬರುವಾಗ ಸ್ಕೋರ್ ಎಷ್ಟಾಯ್ತು ಅಂತ ಎರಡು ಸಲ ಕೇಳಿದ. ಸುಸ್ತಾಗಿತ್ತು ಅನ್ಸುತ್ತೆ.”

ಈ ವಾರ ಬಂದ ಪತ್ರವೊಂದರ ನಡುವೆ ಈ ಎರಡು ಸಾಲು ಇದ್ದವು. ಉಳಿದ ಪತ್ರಗಳನ್ನೆಲ್ಲ ಬದಿಗಿಟ್ಟು ಇದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಬರೆದವರು ದಾವಣಗೆರೆಯವರು, ಈಗ ಇಂಗ್ಲೆಂಡಿನಲ್ಲಿದ್ದಾರೆ. 18ರ ಮಗ ರಗ್ಬಿ ಆಡುತ್ತಾನೆ. ದೊಡ್ಡ ಕ್ಲಬ್ಬೊಂದು ಅಕಾಡೆಮಿ ಒಪ್ಪಂದಕ್ಕೆ ಕರೆದಿದೆ. ಅಪ್ಪನಿಗೆ ಮಗ ಎಂಜಿನಿಯರ್ ಆಗಬೇಕು, ಮಗನಿಗೆ ಆಟವೇ ಬೇಕು. ಇಬ್ಬರೂ ಮಾತು ಬಿಟ್ಟಿದ್ದಾರೆ. ಚಳಿಗಾಲದ ಪಂದ್ಯದಲ್ಲಿ ಟ್ಯಾಕಲ್ ಮಾಡಲು, ಅಂದ್ರೆ ಎದುರಾಳಿಯನ್ನು ಹಿಡಿದು ಕೆಡವಲು ಹೋಗಿ ಹುಡುಗನ ತಲೆಗೆ ಪೆಟ್ಟಾಯಿತು. “ಕೋಚ್‌ಗೆ ಹೇಳ್ಬೇಡಿ, ಒಪ್ಪಂದ ಕೈತಪ್ಪುತ್ತೆ” ಅಂದದ್ದು ಇವರ ತಮ್ಮ. ಮುಂದಿನ ಶನಿವಾರವೇ ಹುಡುಗ ಮತ್ತೆ ಮೈದಾನಕ್ಕಿಳಿದ. ಈಗಲೂ ಆಗಾಗ ತಲೆನೋವು. “ನಾನು ಯಾರ ಪರ ನಿಲ್ಲಲಿ?” ಅಂತ ಕೇಳಿದ್ದಾರೆ.

ತಾಯಿ, ಅದು ಸುಸ್ತಲ್ಲ. ತಲೆಗೆ ಪೆಟ್ಟು ಬಿದ್ದ ಹುಡುಗ ಕೇಳಿದ್ದನ್ನೇ ಮತ್ತೆ ಕೇಳಿದರೆ ಕನ್ಕಷನ್, ಅಂದ್ರೆ ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ, ಆಗಿದೆ ಎಂದೇ ನೋಡಬೇಕು. ಇಂಗ್ಲೆಂಡಿನಲ್ಲಿ ಶಾಲೆ, ಸಣ್ಣ ಕ್ಲಬ್‌ಗಳ ಆಟಗಾರರು ಅಂಥ ಪೆಟ್ಟಿನ ನಂತರ ಕನಿಷ್ಠ 21 ದಿನ ಪಂದ್ಯ ಆಡುವಂತಿಲ್ಲ. ನಿಮ್ಮ ಮಗ ಒಂದೇ ವಾರಕ್ಕೆ ಆಡಿದ್ದಾನೆ. 2011ರಲ್ಲಿ ಉತ್ತರ ಐರ್ಲೆಂಡಿನ 14ರ ಶಾಲಾ ಹುಡುಗನೊಬ್ಬ ಪೆಟ್ಟು ಬಿದ್ದ ಮೇಲೂ ಅದೇ ಪಂದ್ಯದಲ್ಲಿ ಆಟ ಮುಂದುವರಿಸಿ ತೀರಿಕೊಂಡ. ಹೆದರಿಸಲು ಹೇಳುತ್ತಿಲ್ಲ. ಮೊದಲ ಪೆಟ್ಟು ವಾಸಿಯಾಗುವ ಮುಂಚೆ ಬೀಳುವ ಎರಡನೆಯದು ಎಷ್ಟು ಅಪಾಯ ಅಂತ ಗೊತ್ತಿರಲಿ ಅಂತ ಹೇಳಿದೆ.

ನಿಮ್ಮ ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ಅವರ ಭಯಕ್ಕೆ ಕಾರಣ ಇದೆ. 2022ರಲ್ಲಿ ವಾಸ್ಪ್ಸ್, ವೂಸ್ಟರ್, 2023ರಲ್ಲಿ ಲಂಡನ್ ಐರಿಷ್, ಹೀಗೆ ದೊಡ್ಡ ದೊಡ್ಡ ಕ್ಲಬ್‌ಗಳೇ ದುಡ್ಡಿಲ್ಲದೆ ಮುಳುಗಿ ಆಟಗಾರರು ಬೀದಿಗೆ ಬಿದ್ದರು. ಆದರೆ ಓದು ಇಲ್ಲವೇ ಆಟ, ಒಂದನ್ನೇ ಆರಿಸು ಅನ್ನುವುದು ತಪ್ಪು. ವೇಲ್ಸ್‌ನ ಜೇಮಿ ರಾಬರ್ಟ್ಸ್ ದೇಶಕ್ಕೆ ಆಡುತ್ತಲೇ 2013ರಲ್ಲಿ ವೈದ್ಯಕೀಯ ಪದವಿ ಪಡೆದರು. ಹತ್ತು ವರ್ಷ ಓದುತ್ತಾ ಆಡುತ್ತಾ ಇರಲಿ, ಏನಂತೆ? ಮಕ್ಕಳ ಬದುಕನ್ನು ಅವಸರದಲ್ಲಿ ತೀರ್ಮಾನ ಮಾಡಬೇಡಿ ಅಂತ ಇದೇ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ.

ಸಿಟ್ಟು ಬಂದದ್ದು ನಿಮ್ಮ ತಮ್ಮನ ಮೇಲೆ. ಸೋದರಮಾವ ಅಂದ್ರೆ ಹುಡುಗನ ಬೆನ್ನಿಗೆ ನಿಲ್ಲಬೇಕಾದವನು. ಇವನು ಒಳ್ಳೆಯದನ್ನೇ ಬಯಸಿರಬಹುದು, ಆದರೆ ಹುಡುಗನಿಗೆ ಮುಚ್ಚಿಡುವುದನ್ನು ಕಲಿಸಿದ. ಮನೆಯವರೆಲ್ಲ ಸೇರಿ ಒಳ್ಳೆಯದಕ್ಕೇ ಅಂತ ಬಚ್ಚಿಡುವ ಗುಟ್ಟಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಅವನ ಲೆಕ್ಕಾಚಾರವೂ ತಪ್ಪು. ದೊಡ್ಡ ಕ್ಲಬ್‌ಗಳಲ್ಲಿ ಸೀಸನ್‌ಗೆ ಮೊದಲೇ ಆಟಗಾರರ ನೆನಪು, ಗಮನ, ನಿಲ್ಲುವ ಸಮತೋಲನ ಎಲ್ಲ ಪರೀಕ್ಷಿಸಿ ಬರೆದಿಡುತ್ತಾರೆ. ಮುಂದೆ ಪೆಟ್ಟು ಬಿದ್ದಾಗ ಅದಕ್ಕೇ ಹೋಲಿಸಿ ನೋಡುತ್ತಾರೆ. ಈಗಿನ ತಲೆನೋವಿನಲ್ಲೇ ಹುಡುಗ ಆ ಪರೀಕ್ಷೆ ಕೊಟ್ಟರೆ ಅಳತೆಯೇ ಕೆಡುತ್ತದೆ. ನಾಳೆ ನಿಜವಾಗಿ ಪೆಟ್ಟಾದಾಗಲೂ “ಇವನು ಇರೋದೇ ಹೀಗೆ” ಅಂತ ಆಗಬಹುದು, ಅಲ್ವಾ?

ಸ್ಟೀವ್ ಥಾಂಪ್ಸನ್ 2003ರಲ್ಲಿ ರಗ್ಬಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದಲ್ಲಿ ಆಡಿದವರು. ಆ ಫೈನಲ್ ತಮಗೆ ನೆನಪೇ ಇಲ್ಲ ಅಂತ 2020ರಲ್ಲಿ ಹೇಳಿದರು. ನಲವತ್ತು ದಾಟಿದ ಹೊಸತರಲ್ಲೇ ಅವರಿಗೆ ಮರೆವಿನ ಕಾಯಿಲೆ. ಮತ್ತೆ ಮತ್ತೆ ಬಿದ್ದ ಪೆಟ್ಟುಗಳೇ ಕಾರಣ ಅಂತ ಅವರೂ ಇನ್ನೆಷ್ಟೋ ಮಾಜಿ ಆಟಗಾರರೂ ಕೋರ್ಟಿಗೆ ಹೋಗಿದ್ದಾರೆ. ಅವರ ಕಾಲದಲ್ಲಿ ಹೇಳುವವರು ಇರಲಿಲ್ಲ. ನಿಮ್ಮ ಮಗನಿಗೆ ನೀವಿದ್ದೀರಿ.

ಯಾರ ಪರವೂ ಈಗ ನಿಲ್ಲಬೇಡಿ. ಒಂದೇ ಕೆಲಸ ಮಾಡಿ. ಒಪ್ಪಂದಕ್ಕೆ ಸಹಿ ಬೀಳುವ ಮೊದಲು, ಈ ವಾರವೇ, ಮಗನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಆಟ, ಪ್ರಾಕ್ಟೀಸ್ ಎರಡೂ ಬೇಡ. ಸ್ಕೋರ್ ಎರಡು ಸಲ ಕೇಳಿದ್ದನ್ನೂ, ಮುಂದಿನ ಶನಿವಾರ ಆಡಿದ್ದನ್ನೂ ಬಿಡದೆ ಹೇಳಿ. ಆಮೇಲೆ ಕ್ಲಬ್ಬಿನ ಡಾಕ್ಟರಿಗೆ ಅವನೇ ಹೇಳಲಿ. ಅವನಿಗೆ 18 ಆಗಿದೆ, ಅವನ ಬದಲು ನೀವು ಮೇಲ್ ಹಾಕಬೇಡಿ, ಪಕ್ಕದಲ್ಲಿ ಕೂತಿರಿ ಸಾಕು. ಆ ದಿನ ಅಪ್ಪನೂ ಜೊತೆಗೆ ಬರಲಿ. ತಮ್ಮ ಫೋನ್ ಮಾಡಿದರೆ, ಎಲ್ಲ ಹೇಳಿಯಾಯ್ತು ಅನ್ನಿ.