ಸಿಂಧನೂರು ಬಿಸಿಲಿಗೆ ಪ್ಯೂರ್ ಎಚ್‌ಎಫ್ ಆಕಳು ತಂದರೆ ನಡೆಯುತ್ತದಾ?

ನಿಮ್ಮ ಪ್ರಶ್ನೆ ಓದಿದೆ. ಸಿಂಧನೂರು ಹತ್ತಿರ ಕಾಲುವೆ ನೀರಿನ ನಾಲ್ಕು ಎಕರೆ ಇದೆ, ಕೋಲಾರದ ಕಡೆಯಿಂದ ದಿನಕ್ಕೆ 25 ಲೀಟರ್ ಹಿಂಡುವ ಪ್ಯೂರ್ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಆಕಳು ನಾಲ್ಕು ತರಬೇಕು ಅಂತಿದ್ದೀರಿ. ವಿಜ್ಞಾನದ ಪ್ರಕಾರ ಯಾವ ತಳಿ ಬೆಸ್ಟ್, ಹೆಣ್ಣುಕರುವೇ ಹುಟ್ಟುವ ಇಂಜೆಕ್ಷನ್ ನಿಜಾನಾ ಅಂತಾನೂ ಕೇಳಿದ್ದೀರಿ. ನಾನು ಗಂಗಾವತಿ ತಾಲೂಕಿನವನು. ಮನೆಯಲ್ಲಿ ಆಕಳು, ಎಮ್ಮೆ ಎರಡೂ ಇವೆ. ಊರೂರಿಗೆ ಹೋಗಿ ದನಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕೆಲಸ.

ನೇರವಾಗಿ ಹೇಳುತ್ತೇನೆ, ಪ್ಯೂರ್ ಎಚ್‌ಎಫ್ ತರಬೇಡಿ. ಅರ್ಧ, ಹೆಚ್ಚೆಂದರೆ ಶೇ 62ರಷ್ಟು ಎಚ್‌ಎಫ್ ರಕ್ತ ಇರುವ ಮಿಶ್ರತಳಿ ನಮ್ಮ ಕಡೆಗೆ ಸಾಕು. ಮತ್ತೆ, ಆಕಳಿಗೆ ಅಂತ ಇಟ್ಟಿರುವ ದುಡ್ಡಿನಲ್ಲಿ ಒಂದು ಪಾಲು ನೆರಳು, ನೀರು, ಫ್ಯಾನಿಗೆ ಮೊದಲೇ ತೆಗೆದಿಡಿ.

ಆ 25 ಲೀಟರ್ ಅನ್ನೋದು ನಮಗಿಂತ ತಂಪಾದ ಕೋಲಾರದಲ್ಲಿ ಅಳೆದ ಹಾಲು. ಎಚ್‌ಎಫ್ ಮೂಲತಃ ನೆದರ್‌ಲೆಂಡ್ಸ್‌ನ ಫ್ರೀಸ್‌ಲ್ಯಾಂಡ್ ಮತ್ತು ಉತ್ತರ ಜರ್ಮನಿ ಕಡೆಯ ದನ. ಅದಕ್ಕೆ ಹಿತವಾದ ಹವೆ ಅಂದರೆ 5ರಿಂದ 25 ಡಿಗ್ರಿ. ವಿಜ್ಞಾನಿಗಳು ಬಿಸಿ ಮತ್ತು ತೇವ ಎರಡನ್ನೂ ಕೂಡಿಸಿ ಒಂದು ಸೂಚ್ಯಂಕ ಮಾಡಿದ್ದಾರೆ, ಟಿಎಚ್‌ಐ ಅಂತಾರೆ. ಅದು 72 ದಾಟಿದರೆ ಹಾಲು ಇಳಿಯೋಕೆ ಶುರು. ಜಾಸ್ತಿ ಹಾಲಿನ ಆಕಳಿಗೆ 68ಕ್ಕೇ ತೊಂದರೆ ಶುರುವಾಗುತ್ತದೆ ಅಂತ ಆಮೇಲಿನ ಸಂಶೋಧನೆಗಳು ಹೇಳಿವೆ. 25 ಡಿಗ್ರಿ ಬಿಸಿ, ಶೇ 50 ತೇವ ಇದ್ದರೇ ಲೆಕ್ಕ 72ಕ್ಕೆ ಬಂದು ನಿಲ್ಲುತ್ತದೆ. ನಮ್ಮ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ, ತೇವ ಶೇ 25 ಅಂತ ಹಿಡಿದರೂ 85 ಆಗುತ್ತದೆ. ಅಂದರೆ ಕೋಲಾರದ ಆಕಳಿಗೆ ರಾಯಚೂರು ಜಿಲ್ಲೆಯಲ್ಲಿ ವರ್ಷದ ಬಹಳ ತಿಂಗಳು ಕಷ್ಟವೇ.

ಬೇಸಿಗೆಯಲ್ಲಿ ಹಾಲು ಯಾಕೆ ಇಳಿಯುತ್ತದೆ ಅಂತ ಕೇಳಿದರೆ "ಮೇವು ತಿನ್ನಲ್ಲ, ಅದಕ್ಕೆ" ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಅಮೆರಿಕದಲ್ಲಿ ಎರಡು ಗುಂಪು ಆಕಳು ಕಟ್ಟಿ, ಒಂದನ್ನು ಸೆಕೆಯಲ್ಲಿ ಇಟ್ಟು, ಇನ್ನೊಂದನ್ನು ತಂಪಿನಲ್ಲಿ ಇಟ್ಟು, ಸೆಕೆಯ ಆಕಳು ಎಷ್ಟು ತಿಂದಿತೋ ತಂಪಿನ ಆಕಳಿಗೂ ಅಷ್ಟೇ ಹಾಕಿ ನೋಡಿದರು. ಇಳಿದ ಹಾಲಿನಲ್ಲಿ ಮೇವಿನ ಪಾಲು ಹೆಚ್ಚೆಂದರೆ ಅರ್ಧ. ಉಳಿದದ್ದು ಬಿಸಿಗೆ ಮೈಯೊಳಗೆ ಆಗುವ ಬದಲಾವಣೆಯಿಂದ. ಹಾಗಾಗಿ ಬೇಸಿಗೆಯಲ್ಲಿ ಬರೀ ಹಿಂಡಿ ಜಾಸ್ತಿ ಹಾಕಿದರೆ ಹಾಲು ಹಳೇ ಮಟ್ಟಕ್ಕೆ ಬರಲ್ಲ.

ನಿಮ್ಮ ಊರಲ್ಲಿ ಈಗಾಗಲೇ ಎಚ್‌ಎಫ್ ಕಟ್ಟಿದವರ ಮನೆಗೆ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿ. ಆಕಳಿನ ಹಿಂದಿನ ಪಕ್ಕೆ ಮೇಲೆ ಕಣ್ಣಿಟ್ಟು ಒಂದು ನಿಮಿಷ ಉಸಿರು ಎಣಿಸಿ. 60 ದಾಟಿದರೆ ಅದಕ್ಕೆ ಬಿಸಿ ತಾಳುತ್ತಿಲ್ಲ ಅಂತ ಅರ್ಥ. 80, 90 ಆದಾಗ ಬಾಯಿ ತೆರೆದು ಜೊಲ್ಲು ಸುರಿಸುತ್ತಾ, ಕುತ್ತಿಗೆ ಮುಂದೆ ಚಾಚಿ ನಿಂತಿರುತ್ತದೆ. ಮಲಗೋದೇ ಇಲ್ಲ, ಮಲಗಿದರೆ ನೆಲದ ಬಿಸಿ ಬೇರೆ. ಪಕ್ಕದಲ್ಲೇ ಕಟ್ಟಿದ ಜವಾರಿ ಆಕಳು ಆರಾಮಾಗಿ ಮೆಲುಕು ಹಾಕುತ್ತಿರುತ್ತದೆ. ಈ ವ್ಯತ್ಯಾಸ ಒಮ್ಮೆ ಕಣ್ಣಾರೆ ಕಂಡರೆ ನಾನು ಹೇಳುವ ಅರ್ಧ ಮಾತು ಬೇಕಾಗಲ್ಲ.

ನಮ್ಮಲ್ಲಿ ಯಾರೂ ಲಕ್ಷ್ಯ ಕೊಡದ ಇನ್ನೊಂದು ವಿಷಯ ಇದೆ, ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಹಾಲು ಬತ್ತಿಸಿದ, ತುಂಬು ಗಬ್ಬದ ಆಕಳನ್ನು ನಾವು ಹೊರಗೆ ಕಟ್ಟುತ್ತೇವೆ. ಹಾಲು ಕೊಡುವ ಆಕಳಿಗೆ ನೆರಳು, ಬತ್ತಿದ್ದಕ್ಕೆ ಬಿಸಿಲು. ಫ್ಲೋರಿಡಾ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಈಯುವ ಮುಂಚಿನ ಆ ಆರೇಳು ವಾರ ಸೆಕೆಯಲ್ಲಿ ಕಳೆದ ಆಕಳು, ತಂಪಿನಲ್ಲಿದ್ದ ಆಕಳಿಗಿಂತ ಮುಂದಿನ ಸೂಲಿನಲ್ಲಿ ದಿನಕ್ಕೆ 4-5 ಲೀಟರ್‌ವರೆಗೂ ಕಡಿಮೆ ಕೊಟ್ಟಿತು. ಕೆಚ್ಚಲಿನಲ್ಲಿ ಹಾಲು ಮಾಡುವ ಜೀವಕೋಶಗಳು ಬೆಳೆಯುವ ಕಾಲ ಅದು, ಅದಕ್ಕೆ. ಅಷ್ಟೇ ಅಲ್ಲ, ಆಗ ಹೊಟ್ಟೆಯಲ್ಲಿದ್ದ ಹೆಣ್ಣುಕರು ಬೆಳೆದು ಈದಾಗ ಅದೂ ತನ್ನ ಮೊದಲ ಸೂಲಿನಲ್ಲಿ ದಿನಕ್ಕೆ ಸುಮಾರು 2 ಲೀಟರ್ ಕಡಿಮೆ ಕೊಟ್ಟಿತು. ಹೋರಿ ಎಷ್ಟೇ ಒಳ್ಳೆಯದಿರಲಿ, ತಾಯಿಯನ್ನು ಬಿಸಿಲಿಗೆ ಕಟ್ಟಿದರೆ ಮಗಳ ಹಾಲು ಹುಟ್ಟುವ ಮುಂಚೆಯೇ ಕಡಿಮೆಯಾಗಿರುತ್ತದೆ.

"ಇಸ್ರೇಲ್‌ನಲ್ಲಿ ಅಷ್ಟು ಬಿಸಿಲಿದ್ದರೂ ಎಚ್‌ಎಫ್ ವರ್ಷಕ್ಕೆ 10 ಸಾವಿರ ಲೀಟರ್ ಮೇಲೆ ಕೊಡುತ್ತದಲ್ಲ" ಅಂತ ನೀವು ಕೇಳಬಹುದು. ನಿಜ, ಕೊಡುತ್ತದೆ. ಅಲ್ಲಿ ಅರ್ಧ ನಿಮಿಷ ಮೈಗೆ ನೀರು ಬಿಟ್ಟು, ನಾಲ್ಕೂವರೆ ನಿಮಿಷ ಜೋರು ಫ್ಯಾನ್ ಹಾಕಿ, ಹೀಗೇ ಮುಕ್ಕಾಲು ಗಂಟೆ, ದಿನಕ್ಕೆ ಹಲವು ಸಲ ಮಾಡುತ್ತಾರೆ. ಕರೆಂಟು, ನೀರು ಎರಡೂ ಆ ಹೊತ್ತಿಗೆ ಸರಿಯಾಗಿ ಇರಬೇಕು. ನಾಲ್ಕು ಆಕಳಿಗೆ ಇದನ್ನು ಸಣ್ಣದಾಗಿ ನೀವೂ ಮಾಡಬಹುದು, ನಮ್ಮ ಒಣ ಸೆಕೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ಕೂದಲು ದಾಟಿ ಚರ್ಮಕ್ಕೆ ಇಳಿಯಬೇಕು, ಆಮೇಲೆ ಗಾಳಿ ಬೀಸಬೇಕು. ಗಾಳಿ ಆಡದ ತಗಡಿನ ಶೆಡ್ಡಿನಲ್ಲಿ ಸುಮ್ನೆ ಮಂಜಿನಂತೆ ನೀರು ಸಿಂಪಡಿಸಿದರೆ ತೇವ ಏರಿ ಇನ್ನೂ ಕಷ್ಟ. ಭತ್ತದ ಗದ್ದೆ ನಡುವೆ ಶೆಡ್ಡು ಕಟ್ಟಿದವರಿಗೆ ಜುಲೈ, ಆಗಸ್ಟ್‌ನಲ್ಲೂ ಇದೇ ಸಮಸ್ಯೆ.

ಈಗ ತಳಿ. ನಮ್ಮ ದೇಶದಲ್ಲಿ ಕೃತಕ ಗರ್ಭಧಾರಣೆ ಮೊದಲು ಆಗಿದ್ದು ನಮ್ಮ ಮೈಸೂರಿನ ಅರಮನೆ ಡೈರಿ ಫಾರ್ಮಿನಲ್ಲೇ, 1939ರಲ್ಲಿ, ಸಂಪತ್ ಕುಮಾರನ್ ಅವರಿಂದ. ಆಮೇಲೆ ಮಿಶ್ರತಳಿ ಮೇಲೆ ಬಹಳ ಕೆಲಸ ನಡೆಯಿತು. ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ಥಾರ್‌ಪಾರ್ಕರ್ ಅನ್ನೋ ದೇಸಿ ತಳಿಗೆ ಎಚ್‌ಎಫ್ ಕೂಡಿಸಿ ಕರಣ್ ಫ್ರೀಸ್ ಮಾಡಿದರು. ಮಿಲಿಟರಿ ಫಾರ್ಮ್‌ಗಳಲ್ಲಿ ಇನ್ನೊಂದು ದೇಸಿ ತಳಿ ಸಾಹಿವಾಲ್ ಜೊತೆ ಕೂಡಿಸಿ ಫ್ರೀಸ್‌ವಾಲ್ ಮಾಡಿದರು, ಅದರಲ್ಲಿ ಎಚ್‌ಎಫ್ ಪಾಲು ಶೇ 62.5. ಬ್ರೆಜಿಲ್‌ನವರು ಗುಜರಾತಿನ ಗಿರ್ ಒಯ್ದು ಎಚ್‌ಎಫ್ ಜೊತೆ ಕೂಡಿಸಿ ಗಿರೋಲಾಂಡೊ ಕಟ್ಟಿದರು, ಅಲ್ಲೂ ಎಚ್‌ಎಫ್ ಎಂಟರಲ್ಲಿ ಐದು ಪಾಲು, ಅಂದರೆ ಅದೇ ಶೇ 62.5. ಬಿಸಿಲಿನ ದೇಶಗಳಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಕಡೆ ಮಾಡಿ ಒಂದೇ ಅಳತೆಗೆ ಬಂದು ನಿಂತಿದ್ದಾರೆ, ಗಮನಿಸಿ. ಹಾಲು ಮಾತ್ರ ನೋಡದೆ ಗಬ್ಬ ನಿಲ್ಲೋದು, ಉಣ್ಣಿ ಕಚ್ಚಿ ಬರುವ ಥೈಲೇರಿಯಾ ಜ್ವರ ತಾಳೋದು, ಎಷ್ಟು ಸೂಲು ಬದುಕುತ್ತದೆ ಅನ್ನೋದು ಎಲ್ಲಾ ಲೆಕ್ಕಕ್ಕೆ ತಗೊಂಡರೆ ಅಲ್ಲೇ ಲಾಭ.

ಆದರೆ ನಮ್ಮ ಊರುಗಳಲ್ಲಿ ಆಗೋದು ಬೇರೆ. ಅರ್ಧ ರಕ್ತದ ಒಳ್ಳೆ ಆಕಳಿಗೆ ಮತ್ತೆ ಪ್ಯೂರ್ ಎಚ್‌ಎಫ್ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸುತ್ತಾರೆ, ಕರು ಶೇ 75. ಅದಕ್ಕೆ ಮತ್ತೆ ಪ್ಯೂರ್, ಅದರ ಕರು ಶೇ 87.5. "ಅಜ್ಜಿ ಚೆನ್ನಾಗಿತ್ತು, ಮೊಮ್ಮಗಳು ಬೇಸಿಗೆಯಲ್ಲಿ ನಿಲ್ಲಲ್ಲ" ಅಂತ ದೂರುವ ಮನೆಗಳಲ್ಲಿ ನಾನು ಕೇಳಿ ನೋಡಿದಾಗ ಬಹಳ ಸಲ ಇದೇ ಕಥೆ. ಅರ್ಧ ರಕ್ತದ ಆಕಳಿಗೆ ಮಿಶ್ರತಳಿ ಹೋರಿಯ ಸೆಮೆನ್ (ವೀರ್ಯ) ಕೇಳಿ. ಮೊದಲ ಪೀಳಿಗೆಯ ಹುರುಪು ಮುಂದಿನದರಲ್ಲಿ ಸ್ವಲ್ಪ ಇಳಿಯುತ್ತದೆ ಅನ್ನೋದು ನಿಜ, ಅದಕ್ಕೇ ಹೋರಿ ಪರೀಕ್ಷೆ ಆದದ್ದಾಗಿರಬೇಕು, ಅಂದರೆ ಅದರ ಹೆಣ್ಣುಮಕ್ಕಳ ಹಾಲು ಅಳೆದು ನೋಡಿರಬೇಕು. ಆಗಲೇ ಶೇ 75 ದಾಟಿದ ಆಕಳಿದ್ದರೆ ಒಂದು ಸಲ ಗಿರ್ ಅಥವಾ ಸಾಹಿವಾಲ್ ಹಾಕಿಸಿ ಹಿಂದಕ್ಕೆ ತನ್ನಿ.

ಸೂಜಿ ಹಾಕುವವರು ಸೆಮೆನ್ ತುಂಬಿದ್ದ ಕಡ್ಡಿ ಬಿಸಾಡುವ ಮುಂಚೆ ಅದನ್ನು ಕೈಗೆ ತಗೊಳ್ಳಿ. ಆ ಸಣ್ಣ ಪ್ಲಾಸ್ಟಿಕ್ ಕಡ್ಡಿ ಮೇಲೆ ಹೋರಿಯ ನಂಬರ್, ತಳಿ, ತಯಾರಾದ ದಿನ ಅಚ್ಚಾಗಿರುತ್ತದೆ. ಅದನ್ನು ಬರೆದಿಡಿ, ಇಲ್ಲಾಂದರೆ ಫೋನಿನಲ್ಲಿ ಫೋಟೊ ತೆಗೆದಿಡಿ, ಆಕಳಿನ ಕಿವಿಯ 12 ಅಂಕಿಯ ಹಳದಿ ಓಲೆ ನಂಬರ್ ಜೊತೆಗೆ. ಯಾಕಂದರೆ ಮಗಳಿಗೆ ಅಪ್ಪನದೇ ಸೆಮೆನ್ ಹೋಗಬಾರದು. ಅಮೆರಿಕದಲ್ಲಿ ಪಾನೀ ಫಾರ್ಮ್ ಅರ್ಲಿಂಡಾ ಚೀಫ್ ಅನ್ನೋ ಎಚ್‌ಎಫ್ ಹೋರಿ ಇತ್ತು, 1962ರಲ್ಲಿ ಹುಟ್ಟಿದ್ದು. ಹಾಲಿನ ವಿಷಯದಲ್ಲಿ ಅಂಥ ಹೋರಿ ಅಪರೂಪ, ಹಾಗಾಗಿ ಅದರ ರಕ್ತ ಜಗತ್ತಿನ ತುಂಬ ಹರಡಿತು. ಅದರ ಜೊತೆ ಒಂದು ಕೆಟ್ಟ ಜೀನೂ ಹರಡಿತು. ಎರಡೂ ಕಡೆಯಿಂದ ಆ ಜೀನ್ ಬಂದರೆ ಭ್ರೂಣ ಹೊಟ್ಟೆಯಲ್ಲೇ ಸಾಯುತ್ತದೆ. ಜೀನೋಮ್ ಪರೀಕ್ಷೆ ಬಂದಮೇಲೆಯೇ ಅದು ಗೊತ್ತಾಗಿದ್ದು, ಅಷ್ಟರಲ್ಲಿ ಸುಮಾರು ಐದು ಲಕ್ಷ ಗರ್ಭ ಹೋಗಿದ್ದವು ಅಂತ ಅಂದಾಜು. ಒಂದೇ ಹೋರಿಯ ಸೆಮೆನ್ ಊರಿಗೆಲ್ಲಾ ಹಂಚುವ ಕಡೆ ಈ ಎಚ್ಚರ ಬೇಕೇ ಬೇಕು.

ಹೆಣ್ಣುಕರುವಿನ ಇಂಜೆಕ್ಷನ್ ನಿಜವೇ. ಹೆಣ್ಣು ಹುಟ್ಟಿಸುವ ವೀರ್ಯಾಣುವಿನಲ್ಲಿ ಡಿಎನ್‌ಎ ಗಂಡಿನದಕ್ಕಿಂತ ಶೇ 4ರಷ್ಟು ಜಾಸ್ತಿ ಇರುತ್ತದೆ. ಬಣ್ಣ ಹಾಕಿ, ಲೇಸರ್ ಬೆಳಕಿನಲ್ಲಿ ಒಂದೊಂದನ್ನೇ ನೋಡಿ ಮೆಷಿನ್ ಬೇರೆ ಮಾಡುತ್ತದೆ. ನಮ್ಮಲ್ಲೇ ತಯಾರಾದ ತಂತ್ರಜ್ಞಾನ 2024ರಲ್ಲಿ ಬಿಡುಗಡೆ ಆಯಿತು. ಹತ್ತರಲ್ಲಿ ಒಂಬತ್ತು ಹೆಣ್ಣು. ಆದರೆ ಮಾಮೂಲಿ ಕಡ್ಡಿಯಲ್ಲಿ ಎರಡು ಕೋಟಿ ವೀರ್ಯಾಣು ಇದ್ದರೆ ಇದರಲ್ಲಿ ಸುಮಾರು 20 ಲಕ್ಷ. ಹಾಗಾಗಿ ಗಬ್ಬ ನಿಲ್ಲೋದು ಸ್ವಲ್ಪ ಕಡಿಮೆ. ಆರೋಗ್ಯವಾಗಿ ಬೆಳೆದ ಮಣಕಕ್ಕೆ, ಒಂದೇ ಸಲಕ್ಕೆ ನಿಲ್ಲುವ ಆಕಳಿಗೆ ಹಾಕಿಸಿ. ಮೂರು ನಾಲ್ಕು ಸಲ ತಿರುಗಿ ಬೆದೆಗೆ ಬಂದ ಆಕಳಿಗೆ ಬೇಡ. ಏಪ್ರಿಲ್, ಮೇ ತಿಂಗಳಲ್ಲಂತೂ ಯಾವುದಕ್ಕೂ ಬೇಡ.

ಗಬ್ಬ ನಿಲ್ಲದಿದ್ದರೆ ಜನ ಮೊದಲು ತಪ್ಪನ್ನು ಸೆಮೆನ್ ಮೇಲೆ ಹಾಕುತ್ತಾರೆ. ಹಾಲಿನ ವಿಷಯದಲ್ಲಿ ಆಕಳು ಆಕಳಿಗೆ ಇರುವ ವ್ಯತ್ಯಾಸದಲ್ಲಿ ಸುಮಾರು ಶೇ 30 ವಂಶದಿಂದ ಬರುತ್ತದೆ. ಗಬ್ಬ ನಿಲ್ಲುವ ವಿಷಯದಲ್ಲಿ ಅದು ಶೇ 5 ಕೂಡ ಇಲ್ಲ. ಉಳಿದದ್ದು ಮೇವು, ಸೆಕೆ, ಗರ್ಭಕೋಶದ ಆರೋಗ್ಯ, ಬೆದೆ ಗುರುತಿಸುವ ನಿಮ್ಮ ಕಣ್ಣು, ಮತ್ತು ಸೂಜಿ ಹಾಕುವ ನಮ್ಮ ಕೈ. 1940ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕಾದ ಸಂಶೋಧಕ ಟ್ರಿಂಬರ್ಗರ್ ತೋರಿಸಿದ ಲೆಕ್ಕ ಈಗಲೂ ನಡೆಯುತ್ತದೆ: ಬೆಳಿಗ್ಗೆ ಬೆದೆ ಕಂಡರೆ ಸಂಜೆ ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಬೇಸಿಗೆಯಲ್ಲಿ ಆಕಳು ಒದರೋದು, ಹಾರೋದು ಕಡಿಮೆ. ಬೆದೆ ರಾತ್ರಿಯೇ ಬಂದು ಹೋಗಬಹುದು. ಬೆಳಗಿನ ಜಾವ ಎದ್ದು ಬಾಲದ ಕೆಳಗೆ ಗಾಜಿನಂಥ ಲೋಳೆ ಅಂಟಿದೆಯಾ ನೋಡಬೇಕು. ಇನ್ನು ನಮ್ಮ ಕೈ. ಮೈನಸ್ 196 ಡಿಗ್ರಿಯ ಸಾರಜನಕದಿಂದ ತೆಗೆದ ಕಡ್ಡಿಯನ್ನು 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಇಟ್ಟು ಕರಗಿಸಬೇಕು. ಅಂಗೈಯಲ್ಲಿ ಉಜ್ಜೋದು, ಜೇಬಿನಲ್ಲಿ ಇಟ್ಟುಕೊಂಡು ಬರೋದು ಮಾಡಿದರೆ ಸೂಜಿ ಹಾಕುವ ಮೊದಲೇ ಬಹಳಷ್ಟು ವೀರ್ಯಾಣು ಸಾಯಬಹುದು. ಥರ್ಮಾಮೀಟರ್, ಬಿಸಿನೀರಿನ ಫ್ಲಾಸ್ಕ್ ಇಲ್ಲದೆ ಬಂದವರನ್ನು ನೀವು ಕೇಳಲೇಬೇಕು, ಅದಕ್ಕೆ ಸಂಕೋಚ ಬೇಡ.

ಮೇವಿನ ಬಗ್ಗೆ ಚುಟುಕಾಗಿ. ನಿಮ್ಮಲ್ಲಿ ನೆಲ್ಲುಹುಲ್ಲು ಬೇಕಾದಷ್ಟು ಸಿಗುತ್ತದೆ, ಆದರೆ ಅದರಲ್ಲಿ ಪ್ರೋಟೀನ್ ಶೇ 3-4 ಮಾತ್ರ, ಜೊತೆಗೆ ಅದರಲ್ಲಿರುವ ಆಕ್ಸಲೇಟ್ ಅನ್ನೋ ಅಂಶ ಸುಣ್ಣದಂಶವನ್ನು (ಕ್ಯಾಲ್ಸಿಯಂ) ಹಿಡಿದಿಟ್ಟುಕೊಳ್ಳುತ್ತದೆ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, 50-60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿ ಹೋಗದಂತೆ 21 ದಿನ ಮುಚ್ಚಿಡಿ. ತೆಗೆದಮೇಲೆ ವಾಸನೆ ಹೋಗುವವರೆಗೆ ಗಾಳಿಗೆ ಹರಡಿ ಆಮೇಲೆ ಹಾಕಿ. ಆರು ತಿಂಗಳೊಳಗಿನ ಕರುಗಳಿಗೆ ಹಾಕಲೇಬೇಡಿ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ. ನೀರಿಲ್ಲದೆ ಬಾಡಿದ ಎಳೆ ಜೋಳ ಮೇಯಿಸಬೇಡಿ, ಅದರಲ್ಲಿ ಸೈನೈಡ್ ವಿಷ ಇರುತ್ತದೆ. ನಾಲ್ಕರಲ್ಲಿ ಒಂದು ಎಕರೆಯಾದರೂ ಹಸಿಮೇವಿಗೆ ಬಿಡದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ ಅಂತಲೇ ಹೇಳುತ್ತೇನೆ.

ಎಮ್ಮೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮುರ್ರಾ ತಳಿ ಎಮ್ಮೆಯ ಹಾಲಿನಲ್ಲಿ ಫ್ಯಾಟ್ ಶೇ 7ರ ಹತ್ತಿರ, ಎಚ್‌ಎಫ್‌ನದು 3.5. ನೆಲ್ಲುಹುಲ್ಲನ್ನು ಎಮ್ಮೆ ಚೆನ್ನಾಗಿ ದಕ್ಕಿಸಿಕೊಳ್ಳುತ್ತದೆ. ಕಪ್ಪು ಚರ್ಮ, ಬೆವರುವುದು ಕಡಿಮೆ, ಹಾಗಾಗಿ ಮೈ ನೆನೆಯಲು ನೀರು ಬೇಕೇ ಬೇಕು. ನಿಮ್ಮಲ್ಲಿ ಕಾಲುವೆ ಇದೆ ಅಲ್ವಾ, ಒಂದು ಮುರ್ರಾ ಕಟ್ಟಿ ನೋಡಿ.

ತರುವುದಾದರೆ ದಸರಾ ದಾಟಿದ ಮೇಲೆ ತನ್ನಿ, ಮೊದಲು ಎರಡೇ. ಅಕ್ಟೋಬರ್, ನವೆಂಬರ್‌ನಲ್ಲಿ ಈದ ಆಕಳಿಗೆ ಎರಡು ತಿಂಗಳು ಬಿಟ್ಟು ಜನವರಿ ಹೊತ್ತಿಗೆ ಸೂಜಿ ಹಾಕಿಸಿದರೆ, ಬಿಸಿಲು ಏರುವ ಮುಂಚೆ ಗಬ್ಬ ನಿಂತಿರುತ್ತದೆ. 280 ದಿನಕ್ಕೆ, ಅಂದರೆ ಮತ್ತೆ ಅಕ್ಟೋಬರ್‌ಗೆ ಈಯುತ್ತದೆ. ಬತ್ತಿಸುವ ಕಾಲ ಆಗಸ್ಟ್, ಸೆಪ್ಟೆಂಬರ್‌ಗೆ ಬೀಳುತ್ತದೆ, ಮೇ ತಿಂಗಳಿಗೆ ಬೀಳಲ್ಲ. ಕೊಳ್ಳುವ ಮುಂಚೆ ಬ್ರುಸೆಲ್ಲಾ (ಗಬ್ಬ ಹೋಗುವ ರೋಗ), ಥೈಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಹಿಂದಿನ ಸಂಜೆ ಪೂರ್ತಿ ಹಿಂಡಿಸಿ, ಆಮೇಲೆ ಬೆಳಿಗ್ಗೆ, ಮತ್ತೆ ಸಂಜೆ ಎರಡು ಹೊತ್ತು ಎದುರಿಗೇ ನಿಂತು ಅಳೆಯಿರಿ. ಮನೆಗೆ ಬಂದಮೇಲೆ ಮೂರು ನಾಲ್ಕು ವಾರ ನಿಮ್ಮ ಬೇರೆ ದನಗಳಿಂದ ದೂರ ಕಟ್ಟಿ. ಆಕಳು ನೋಡಲು ಹೋದಾಗ ಮಾಲೀಕರು ಹೋರಿ ನಂಬರ್ ಬರೆದಿಟ್ಟಿದ್ದರೆ ಇಲ್ಲಿ ಹಾಕಿ, ಮುಂದೆ ಯಾವ ಸೆಮೆನ್ ಕೇಳಬೇಕು ಅಂತ ಹೇಳುತ್ತೇನೆ.